ಊರು ಬಿಟ್ಟವರಿಗೆ ಊರಿನ ಹೆಸರು: ಗೆಳೆಯನಿಗೊಂದು ಪತ್ರ

ಮಾರಾಯ,

ಮೊದಲು ಸಿಹಿಸುದ್ದಿಗೆ ಅಭಿನಂದನೆ. ಡಾಕ್ಟರು ಕೊಟ್ಟ ತಾರೀಖು ಹತ್ತಿರ ಬಂದ ಹಾಗೆ ನಿನ್ನ ಹೆಂಡತಿಗಿಂತ ನಿನಗೇ ಗಾಬರಿ ಜಾಸ್ತಿಯಾಗಿದೆ ಅಂತ ನಿನ್ನ ದನಿ ಕೇಳಿದರೇ ಗೊತ್ತಾಗುತ್ತದೆ. ನೀನು ಕೇಳಿದ್ದು ಒಂದೇ ಸಾಲು: "ಇಲ್ಲಿನ ಫಾರಮ್ಮಿನಲ್ಲಿ ಮಗುವಿಗೆ ಸರ್‌ನೇಮ್ ಬರೆಯಬೇಕಂತೆ, ಎಂತ ಬರೆಯುವುದು?" ಅದಕ್ಕೆ ವಾಟ್ಸಾಪಿನಲ್ಲಿ ಉತ್ತರ ಬರೆಯಲು ಕೂತೆ. ಉದ್ದವಾಯಿತು. ಇನಿಶಿಯಲ್ ಇಟ್ಟುಕೊಂಡು ಬೆಳೆದು, ಪಾಸ್‌ಪೋರ್ಟ್ ಮಾಡಿಸುವಾಗ ಪೆನ್ನು ಕಚ್ಚಿಕೊಂಡು ಕೂತವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರೂ ಓದಲಿ ಅಂತ ಇಲ್ಲೇ ಹಾಕುತ್ತಿದ್ದೇನೆ. ನೀಲಿ ಕೊಡೆಯ ಕೇಸು ಮಾತ್ರ ಇಲ್ಲಿ ಎತ್ತುವುದಿಲ್ಲ, ಧೈರ್ಯವಾಗಿರು.

ನಿನ್ನ ಪ್ರಶ್ನೆ ಓದಿದ ಕೂಡಲೇ ನನಗೆ ಪಡುಕೋಣೆ ನೆನಪಾಯಿತು. ದೀಪಿಕಾ ಅಲ್ಲ, ಊರು. ಮರವಂತೆಯಲ್ಲಿ ಹೈವೇ ಪಕ್ಕ ಕಾರು ನಿಲ್ಲಿಸಿದವರೆಲ್ಲ ಸಮುದ್ರದ ಕಡೆಗೇ ಮುಖ ಮಾಡಿ ಫೋಟೋ ತೆಗೆಯುತ್ತಾರಲ್ಲ, ಅವರ ಬೆನ್ನ ಹಿಂದೆ ಸೌಪರ್ಣಿಕಾ ಹರಿಯುತ್ತದೆ. ಹೊಳೆಯ ಆಚೆ ದಡಕ್ಕೆ ತೆಂಗಿನ ತೋಟ, ಗದ್ದೆ, ಒಂದು ಚರ್ಚು. ಅದೇ ಪಡುಕೋಣೆ. ಮಳೆ ಜೋರಾದರೆ ನಾಡ, ಬಡಾಕೆರೆ, ಸಾಲ್ಬುಡದ ಜೊತೆ ಅದರ ಹೆಸರೂ ನೆರೆಯ ಸುದ್ದಿಯಲ್ಲಿ ಬರುತ್ತದೆ. ಹೊಳೆ ಉಕ್ಕಿ ಗದ್ದೆಗೆ ಬರುತ್ತದೆ, ದೋಣಿ ಅಂಗಳದವರೆಗೆ ಬರುತ್ತದೆ. ನಮ್ಮ ಕಡೆ ಪೇಪರು ಓದುವವರಿಗೆ ಪಡುಕೋಣೆ ಅಂದರೆ ಮೊದಲು ಅದು. ದೇಶಕ್ಕೆಲ್ಲ ಅದು ಸಿನಿಮಾ, ಬ್ಯಾಡ್ಮಿಂಟನ್ನು.

ಆ ಒಂದು ಹೆಸರಿನಡಿ ಎಷ್ಟೆಲ್ಲ ಬಂದು ಸೇರಿದೆ ನೋಡು. ಪ್ರಕಾಶ್ ಪಡುಕೋಣೆ ಹುಟ್ಟಿದ್ದು 1955ರಲ್ಲಿ, ಬೆಂಗಳೂರಿನಲ್ಲಿ. ಆಗ ಬೆಂಗಳೂರಲ್ಲಿ ಸರಿಯಾದ ಬ್ಯಾಡ್ಮಿಂಟನ್ ಕೋರ್ಟೇ ಇರಲಿಲ್ಲ. ಮಲ್ಲೇಶ್ವರದ ಕೆನರಾ ಯೂನಿಯನ್‌ನ ಮದುವೆ ಹಾಲ್‌ನಲ್ಲಿ ಆಟ. ಮದುವೆ ಇದ್ದ ದಿನ ಹುಡುಗರು ಕಾಯಬೇಕು, ಹಾಲ್ ಖಾಲಿಯಾದ ಮೇಲೆ ಆಡಬೇಕು. ಅಲ್ಲಿಂದ ಎದ್ದ ಹುಡುಗ 1980ರಲ್ಲಿ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್‌ನನ್ನು ಸೋಲಿಸಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪಂದ್ಯಾವಳಿ ಗೆದ್ದ. ಭಾರತದವರು ಯಾರೂ ಅದಕ್ಕೆ ಮುಂಚೆ ಗೆದ್ದಿರಲಿಲ್ಲ. ಆಮೇಲೆ ತರಬೇತಿಗೆ ಅಂತ ಕೋಪನ್‌ಹೇಗನ್‌ಗೆ ಹೋದರು. ಮಗಳು 1986ರಲ್ಲಿ ಅಲ್ಲೇ ಹುಟ್ಟಿದಳು. ಆಕೆಯ ಮೊದಲ ಸಿನಿಮಾ ಕನ್ನಡದ್ದು ಅನ್ನುವುದನ್ನು ನಿನಗೆ ಹೇಳಬೇಕಾಗಿಲ್ಲ, ಆ ಪೋಸ್ಟರು ಎಷ್ಟು ದಿನ ನಮ್ಮ ರೂಮಿನ ಗೋಡೆ ಮೇಲಿತ್ತು ಅಂತ ಇಬ್ಬರಿಗೂ ಗೊತ್ತಿದೆ. ಯಲಹಂಕದ ಕಡೆ ಕ್ರೀಡಾ ಕೇಂದ್ರವೊಂದರ ಬೋರ್ಡಿನ ಮೇಲೆ ದ್ರಾವಿಡ್ ಪಕ್ಕ ಅದೇ ಹೆಸರು. 2024ರಲ್ಲಿ ಹುಟ್ಟಿದ ದೀಪಿಕಾ ಮಗಳ ಹೆಸರಿನ ನಡುವೆಯೂ ಅದೇ. ಆ ಮಗುವಿಗೆ ಅದು ತಾಯಿಯ ಕಡೆಯಿಂದ ಬಂತು, ತಂದೆಯ ಕಡೆಯಿಂದಲ್ಲ. ನನಗೆ ಇದು ತುಂಬ ಇಷ್ಟವಾಯಿತು. ಮಗಳು ಹುಟ್ಟಿದರೆ ನಿನಗೂ ನೆನಪಿರಲಿ.

ಹಳಬರಲ್ಲಿ ಪಡುಕೋಣೆ ರಮಾನಂದ ರಾವ್ ಇದ್ದರು, ಕನ್ನಡದಲ್ಲಿ ನಗಿಸಿ ಬರೆದವರು. ಅವರ ಊರು ಹೆಸರಿನ ಮುಂದೆ ಕೂತಿದೆ. ಪ್ರಕಾಶರದ್ದು ಹಿಂದೆ. ನಮ್ಮ ಕಡೆ ಹೆಸರಿನ ಮುಂದಿದ್ದ ಊರು, ಬೊಂಬಾಯಿ, ಬೆಂಗಳೂರಿನ ಆಫೀಸು ರಿಜಿಸ್ಟರುಗಳಲ್ಲಿ ಹಿಂದಕ್ಕೆ ಹೋಯಿತು.

ಇನ್ನೊಬ್ಬನನ್ನು ಬಹಳ ಜನ ಈ ಪಟ್ಟಿಗೆ ಸೇರಿಸುವುದೇ ಇಲ್ಲ. ಗುರುದತ್. 1925ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದಾಗ ಇಟ್ಟ ಹೆಸರು ವಸಂತಕುಮಾರ ಶಿವಶಂಕರ ಪಡುಕೋಣೆ. ಚಿಕ್ಕಂದಿನಲ್ಲಿ ಏನೋ ಅಪಘಾತವಾಯಿತಂತೆ, ಒಳ್ಳೆಯದಾಗಲಿ ಅಂತ ಹೆಸರು ಬದಲಿಸಿದರು. ಬೆಳೆದದ್ದು ಕಲ್ಕತ್ತೆಯಲ್ಲಿ. ಹೆಸರು, ಮಾತು, ಸಿನಿಮಾದ ರೀತಿ ಎಲ್ಲ ನೋಡಿ ಬಂಗಾಳಿ ಅಂತಲೇ ಎಷ್ಟೋ ಜನ ತಿಳಿದಿದ್ದರು. ಪಡುಕೋಣೆ ಅನ್ನುವುದನ್ನು ಆತ ಪರದೆಯ ಮೇಲೆ ಬಳಸಲೇ ಇಲ್ಲ. ಹಾಗೆ ಹೆಸರು ಬಿಟ್ಟ ಮನುಷ್ಯ 1957ರಲ್ಲಿ 'ಪ್ಯಾಸಾ' ಮಾಡಿದ. ಕವಿ ಸತ್ತನೆಂದು ತಿಳಿದ ಮೇಲೆ ಅವನ ಹೆಸರಿಗೆ ಬೆಲೆ ಬರುತ್ತದೆ, ಪುಸ್ತಕ ಮಾರಾಟವಾಗುತ್ತದೆ, ಸಭೆ ಕೂಡುತ್ತದೆ. ಬದುಕೇ ಇದ್ದ ಕವಿ ಆ ಸಭೆಗೆ ಬಂದು, ನಾನು ಆ ವಿಜಯ್ ಅಲ್ಲ ಅಂತ ಹೇಳಿಬಿಡುತ್ತಾನೆ. ನಿನ್ನ ಮೆಸೇಜು ಬಂದ ರಾತ್ರಿ ಆ ಒಂದು ದೃಶ್ಯವನ್ನಷ್ಟೇ ಮತ್ತೆ ಹಾಕಿ ನೋಡಿದೆ. ಬಾಗಿಲಲ್ಲಿ ಕೈ ಚಾಚಿ ನಿಂತ ಗುರುದತ್‌ನನ್ನು ನೋಡುವಾಗ ಸೌಪರ್ಣಿಕೆಯ ಆಚೆಯ ಆ ಗದ್ದೆ ಕಣ್ಣಿಗೆ ಬಂತು. ಅವನಿಗೆ ಆ ಊರು ಏನಾಗಿತ್ತೋ. ನನಗಂತೂ ಆ ಹೊತ್ತು ಅವನು ನಮ್ಮವನಾಗಿದ್ದ.

ಪಡುಕೋಣೆ ಒಂದೇ ಅಲ್ಲ. ಪ್ರಕಾಶ್, ಗುರುದತ್ ಇಬ್ಬರೂ ಕೊಂಕಣಿ ಮಾತಾಡುವ ಚಿತ್ರಾಪುರ ಸಾರಸ್ವತರು. ಆ ಸಮುದಾಯದವರ ಅಡ್ಡಹೆಸರು ತೆಗೆದು ನೋಡು, ಕರಾವಳಿಯ ಬಸ್ಸಿನ ಕಂಡಕ್ಟರು ಕೂಗಿದ ಹಾಗಿರುತ್ತದೆ: ಉಳ್ಳಾಲ, ಕಾರ್ನಾಡು, ಮುಂಡ್ಕೂರು, ಹಟ್ಟಿಯಂಗಡಿ, ಗುಲ್ವಾಡಿ, ತ್ರಾಸಿ, ಬಿಜೂರು, ಕಾಯ್ಕಿಣಿ. ಬಿ.ಎನ್. ರಾವ್ ಸಂವಿಧಾನ ಸಭೆಯ ಸಲಹೆಗಾರರಾಗಿದ್ದವರು. ಅವರ ಆ 'ಬಿ' ಬೆನೆಗಲ್. ಶ್ಯಾಮ್ ಬೆನೆಗಲ್ ಕೂಡ ಅದೇ ಊರಿನ ಹೆಸರು ಹೊತ್ತವರು, ಗುರುದತ್‌ಗೆ ಸಂಬಂಧಿಕರು. ಗುಲ್ವಾಡಿ ವೆಂಕಟರಾಯರು 1899ರಲ್ಲಿ 'ಇಂದಿರಾಬಾಯಿ' ಕಾದಂಬರಿ ಬರೆದರು. ಬೆಂಗಳೂರಿನ ಸದಾಶಿವನಗರಕ್ಕೆ ಹೆಸರು ಬಂದದ್ದು ಕಾರ್ನಾಡು ಸದಾಶಿವ ರಾಯರಿಂದ. ಗಿರೀಶ ಕಾರ್ನಾಡರು ಹುಟ್ಟಿದ್ದು ಮಾಥೇರಾನ್‌ನಲ್ಲಿ, ಓದಿದ್ದು ಧಾರವಾಡದಲ್ಲಿ. ಕಾರ್ನಾಡು ಇರುವುದು ಮೂಲ್ಕಿಯ ಮಗ್ಗುಲಲ್ಲಿ.

ಒಂದು ವಿಷಯ ನನಗೆ ಹೊಳೆದದ್ದು ಇತ್ತೀಚೆಗೆ. ಈ ಹೆಸರು ಹೊತ್ತವರಲ್ಲಿ ಬಹಳ ಜನ ಆ ಊರಿನಲ್ಲಿ ಬದುಕಿದವರಲ್ಲ. ಪಡುಕೋಣೆಯಲ್ಲಿ ಇರುವವರು ಪೂಜಾರಿಗಳು, ದೇವಾಡಿಗರು, ಶೆಟ್ಟರು, ಮೊಗವೀರರು, ಚರ್ಚಿಗೆ ಹೋಗುವ ಡಿಸೋಜ, ರೆಬೆಲ್ಲೊಗಳು. ಅಲ್ಲಿ ನಿಂತು "ಪಡುಕೋಣೆಯವರೇ" ಅಂತ ಕೂಗಿದರೆ ಯಾರು ತಿರುಗಿ ನೋಡಬೇಕು? ಎಲ್ಲರೂ ಪಡುಕೋಣೆಯವರೇ. ಊರಿನ ಹೆಸರು ಮೈಗೆ ಅಂಟುವುದು ಊರು ಬಿಟ್ಟ ಮೇಲೆ. ಪಕ್ಕದ ಊರಿಗೆ ಹೋದವನಿಗೆ ಸ್ವಲ್ಪ, ಬೊಂಬಾಯಿಗೆ ಹೋದವನಿಗೆ ಪೂರ್ತಿ.

ಹೋದವರಲ್ಲೂ ಎಲ್ಲರಿಗೂ ಅದು ಅಂಟಿ ಉಳಿಯಲಿಲ್ಲ, ಮಾರಾಯ. ನನ್ನನ್ನು ಕಾಡುತ್ತಿರುವುದು ಇದು. ಸಾರಸ್ವತರ ಮನೆಗಳಲ್ಲಿ ಶಾನುಭೋಗಿಕೆ ಇತ್ತು, ಲೆಕ್ಕ ಇತ್ತು, ಕಾಗದ ಇತ್ತು. ಇಂಗ್ಲಿಷ್ ಶಾಲೆ ಬಂದಾಗ ಮೊದಲು ಕಲಿತರು, ಗುಮಾಸ್ತರಾದರು, ವಕೀಲರಾದರು. ಬೊಂಬಾಯಿಯ ಗಾಮ್‌ದೇವಿಯಲ್ಲಿ 1915ರಲ್ಲೇ ತಮ್ಮದೊಂದು ಸಹಕಾರಿ ವಸತಿ ಸಂಘ ಕಟ್ಟಿಕೊಂಡರು. ಮನೆ ಬಾಗಿಲಿಗೆ ಬೋರ್ಡು ಬಂತು, ಬೋರ್ಡಿನ ಮೇಲೆ ಊರು ಬಂತು. ಅವರ ಮೇಲೆ ನನಗೆ ಸಿಟ್ಟಿಲ್ಲ, ಗೌರವವೇ ಇದೆ. ಹೋದ ಕಡೆಯೆಲ್ಲ ಊರನ್ನು ಹೊತ್ತುಕೊಂಡು ಹೋದರು ಅಲ್ವಾ.

ನನ್ನ ಅಪ್ಪನೂ ಬೊಂಬಾಯಿಗೆ ಹೋಗಿದ್ದರು. ನಿನಗೆ ಇದು ಅರ್ಧ ಗೊತ್ತು. ನಮ್ಮ ಹಕ್ಲಾಡಿಗೂ ಪಡುಕೋಣೆಗೂ ಎಷ್ಟು ದೂರ? ಸೈಕಲ್ಲಿನಲ್ಲಿ ಹೋಗಿಬರುವಷ್ಟು. ಅಪ್ಪ ನಾಲ್ಕನೇ ಕ್ಲಾಸು ಬಿಟ್ಟು ಫೋರ್ಟಿನ ಒಂದು ಉಡುಪಿ ಹೋಟೆಲಿಗೆ ಸೇರಿದರು. ಮೊದಲು ಟೇಬಲ್ ಒರೆಸುವುದು, ಆಮೇಲೆ ಸಪ್ಲೈ. ಅಲ್ಲಿ ಅಪ್ಪನ ಹೆಸರಿನವರೇ ಇನ್ನೂ ಇಬ್ಬರು ಇದ್ದರಂತೆ. ಯಾರನ್ನು ಕರೆದರೂ ಮೂವರೂ "ಬಂದೆ" ಅನ್ನುತ್ತಿದ್ದರು. ಅದಕ್ಕೆ ಗಲ್ಲೆಯ ಮೇಲಿನ ಮ್ಯಾನೇಜರು ಹೆಸರು ಬಿಟ್ಟು ಊರು ಹಿಡಿದರು. "ಹಕ್ಲಾಡಿ, ಎರಡು ಇಡ್ಲಿ ಪಾರ್ಸೆಲ್. ಹಕ್ಲಾಡಿ, ಮೂಲೆ ಟೇಬಲ್ ನೋಡು." ಹೋಟೆಲಿನಲ್ಲಿ ಇದ್ದಷ್ಟು ಕಾಲ ಅಪ್ಪನ ಹೆಸರು ಅದೇ.

ಅಟ್ಟದ ಮೇಲೆ ಅವರ ತಗಡಿನ ಟ್ರಂಕು ಇನ್ನೂ ಇದೆ. ಕಡು ಹಸಿರು ಬಣ್ಣ, ಕೊಂಡಿ ತುಕ್ಕು ಹಿಡಿದಿದೆ. ಮುಚ್ಚಳದ ಮೇಲೆ ಬಿಳಿ ಪೇಂಟಿನಲ್ಲಿ ಏನೋ ಬರೆದಿದೆ, ಸಣ್ಣವನಿದ್ದಾಗ ನನಗೆ ಓದಲು ಬರುತ್ತಿರಲಿಲ್ಲ. ಹಿಂದಿ ಪಾಠ ಶುರುವಾದ ಮೇಲೆ ಒಂದೊಂದೇ ಅಕ್ಷರ ಕೂಡಿಸಿ ಓದಿದೆ: ಹಕ್ಲಾಡಿ. ಬೊಂಬಾಯಿಯ ಪೇಂಟರು ಮರಾಠಿ ಅಕ್ಷರದಲ್ಲಿ ಬರೆದದ್ದು. ಹೋಟೆಲಿನ ಹುಡುಗರೆಲ್ಲ ಒಂದೇ ರೂಮಿನಲ್ಲಿ ಮಲಗುತ್ತಿದ್ದರು, ಟ್ರಂಕು ಅದಲು ಬದಲಾಗಬಾರದು ಅಂತ ಹಾಗೆ ಬರೆಸಿದ್ದು. ಅಪ್ಪನ ಹೆಸರಾಗಿ ನಮ್ಮ ಊರು ಎಲ್ಲಾದರೂ ಬರಹದಲ್ಲಿ ಇದ್ದರೆ ಅದು ಆ ಮುಚ್ಚಳದ ಮೇಲೆ ಮಾತ್ರ. ರೇಷನ್ ಕಾರ್ಡಿನಲ್ಲಿ ಇಲ್ಲ, ವೋಟರ್ ಲಿಸ್ಟಿನಲ್ಲಿ ಇಲ್ಲ. ಅವರು ಊರಿಗೆ ವಾಪಸ್ ಬಂದರು, ಹೆಸರು ಅಲ್ಲೇ ಉದುರಿತು. ಊರಲ್ಲಿ ಅವರನ್ನು ಹಕ್ಲಾಡಿ ಅಂತ ಯಾರು ಕರೆಯಬೇಕು?

ಏರ್‌ಪೋರ್ಟ್ ದಾರಿಯಲ್ಲಿ ಪಡುಕೋಣೆ ಅಂತ ದೊಡ್ಡ ಅಕ್ಷರದ ಹೋರ್ಡಿಂಗು ಕಂಡಾಗ ಹೆಮ್ಮೆಯಾಗುತ್ತದೆ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. "ನಮ್ಮ ಪಕ್ಕದೂರು" ಅಂತ ಕ್ಯಾಬ್ ಡ್ರೈವರಿಗೂ ಹೇಳಿದ್ದೇನೆ. ಹೆಮ್ಮೆ ನಿಜ. ಅದರ ಜೊತೆ ಹೊಟ್ಟೆಯೊಳಗೆ ಇನ್ನೊಂದೂ ಆಗುತ್ತದೆ. ಅದನ್ನು ಹೊಟ್ಟೆಕಿಚ್ಚು ಅನ್ನಲಾರೆ, ಸಂಕಟ ಅನ್ನಬಹುದು. ಅದೇ ಹೊಳೆಯ ನೀರು ಕುಡಿದ ನನ್ನ ಅಪ್ಪನ ಹಕ್ಲಾಡಿ ಇಡ್ಲಿ ಪಾರ್ಸೆಲ್ಲಿನ ಜೊತೆ ಮುಗಿದುಹೋಯಿತಲ್ಲ ಅಂತ.

ಇನ್ನೂ ಒಂದು ಹೇಳುತ್ತೇನೆ, ಇದನ್ನು ಬರೆಯಬೇಕು ಅಂತ ಇರಲಿಲ್ಲ. ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗಕ್ಕೆ ಅಪ್ಪನ ಹೆಸರು ಹೋಗಿದೆ. ನಮ್ಮವರಲ್ಲಿ ಬಹಳ ಜನರದ್ದು ಹಾಗೇ. ಆಫೀಸಿನಲ್ಲಿ ಒಬ್ಬ ಹಿರಿಯರಿದ್ದಾರೆ, ಅಮೆರಿಕದವರು. ಅವರು ಕಾಲ್‌ನಲ್ಲಿ ನನ್ನನ್ನು ಆ ಹೆಸರಿನಿಂದಲೇ ಕರೆಯುತ್ತಾರೆ, ಮುಂದೆ 'ಮಿಸ್ಟರ್' ಹಚ್ಚಿ. ಸರಿಪಡಿಸು ಅಂತ ಟೀಮಿನವರು ಎಷ್ಟೋ ಸಲ ಹೇಳಿದರು. ನಾನು ಸುಮ್ನೆ ಇದ್ದೇನೆ. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಅಮ್ಮ ಆ ಹೆಸರು ಹೇಳುವುದಿಲ್ಲ, ಮೊದಲೂ ಹೇಳುತ್ತಿರಲಿಲ್ಲ. ಊರಲ್ಲಿ ಹೇಳುವ ಜನ ಕಡಿಮೆಯಾದರು. ವಾರಕ್ಕೊಮ್ಮೆ ರಾತ್ರಿ ಹೊತ್ತು, ಎಲ್ಲೋ ಕೂತ ಒಬ್ಬರು ಮಿಸ್ಟರ್ ಹಚ್ಚಿ ನನ್ನ ಅಪ್ಪನನ್ನು ಕರೆಯುತ್ತಾರೆ. ಆಗ ನಾನು ಮೈಕು ಮ್ಯೂಟ್ ಮಾಡಿ ಒಂದು ಕ್ಷಣ ಬಿಟ್ಟು ಉತ್ತರ ಕೊಡುತ್ತೇನೆ. ನೆಟ್‌ವರ್ಕ್ ಸರಿಯಿಲ್ಲ ಅಂದುಕೊಂಡಿದ್ದಾರೆ.

ಸಾಕು. ಹುಟ್ಟಲಿರುವ ಮಗುವಿನ ಪತ್ರದಲ್ಲಿ ಇಷ್ಟೆಲ್ಲ ಯಾಕೆ? ನಿನ್ನ ಹೆಂಡತಿ ಓದುತ್ತಿದ್ದರೆ ಹೇಳು, ಎಲ್ಲರೂ ಆರಾಮ, ಅಮ್ಮ ಅವಳಿಗೆ ಅಂತ ಲೇಹ್ಯ ಮಾಡಿಸುತ್ತಿದ್ದಾರೆ. ಕಸ್ಟಮ್ಸಿನವರು ಬಿಟ್ಟರೆ ಅವಳಿಗೆ, ಬಿಡದಿದ್ದರೆ ಅವರಿಗೆ ಮೈ ಗಟ್ಟಿಯಾಗುತ್ತದೆ.

ಈಗ ಫಾರಮ್ಮು. ನನ್ನ ಕೇಳಿದರೆ ಬಸ್ರೂರು ಅಂತ ಬರೆ. ನಿನಗೆ ಅದರ ಮೇಲೆ ಹಕ್ಕಿದೆ. ಊರು ಬಿಟ್ಟವನು ನೀನು, ಅದೂ ಸಮುದ್ರ ದಾಟಿ. ಸಾಮಾನ್ಯ ಊರೇನಲ್ಲ ಅದು, ಹಳೇ ಕಾಲದ ಬಂದರು. 1665ರಲ್ಲಿ ಶಿವಾಜಿಯೇ ಹಡಗು ಕಟ್ಟಿಕೊಂಡು ಬಂದು ಲೂಟಿ ಮಾಡಿ ಹೋದ ಅಂದ ಮೇಲೆ ಲೆಕ್ಕ ಹಾಕು. ಅಲ್ಲಿನ ಟೀಚರಿಗೆ ಹೇಳಲು ಬರುವುದಿಲ್ಲ ಅಂತ ನಿನ್ನ ಭಯ. ಪೋರ್ಚುಗೀಸರ ಬಾಯಲ್ಲಿ ಅದು ಬಾರ್ಸೆಲೋರ್ ಆಗಿ ಬಹಳ ಕಾಲ ಬದುಕಿತ್ತು. ಒಂದನೇ ಕ್ಲಾಸಿನ ಮಿಸ್ಸಿಗೆ ಹೆದರುವ ಹೆಸರಲ್ಲ. ಅಪ್ಪನ ಹೆಸರು ನಡುವೆ ಇಟ್ಟುಕೋ, ಇಬ್ಬರೂ ಹಿಡಿಸುತ್ತಾರೆ.

ಬರೆಯುವ ಮೊದಲು ನಿಮ್ಮಮ್ಮನಿಗೆ ಒಂದು ಫೋನ್ ಮಾಡು. ಅವರು ಮನೆದೇವರ ಹೆಸರೂ ಸೇರಿಸು ಅನ್ನುತ್ತಾರೆ, ಸೇರಿಸು. ಫಾರಮ್ಮಿನಲ್ಲಿ ಎಷ್ಟು ಡಬ್ಬ ಇದೆ ಅಂತ ಮೊದಲೇ ಎಣಿಸಿಕೋ. ಹುಟ್ಟಿದ ಕೂಡಲೇ ಸುದ್ದಿ ಕೊಡು, ಇಲ್ಲಿ ಎಷ್ಟು ಹೊತ್ತಾಗಿದ್ದರೂ ಪರವಾಗಿಲ್ಲ. ಮಗು ಯಾರ ಹಾಗಿದೆ ಅಂತ ಮಾತ್ರ ನೀನು ಹೇಳಬೇಡ, ಫೋಟೋ ಕಳಿಸು, ಅದನ್ನು ನಾವು ಇಲ್ಲಿ ಕೂತು ತೀರ್ಮಾನ ಮಾಡುತ್ತೇವೆ.

ಇಂತಿ ನಿನ್ನ,
ಹಕ್ಲಾಡಿ