ಹೊಸ ಪಿಸ್ತೂಲು ಕೊಂಡವರ ಗಮನಕ್ಕೆ

ಡಲ್ಲಾಸ್ ಬಳಗದ ಗೆಳೆಯರಿಗೆ ನಮಸ್ಕಾರ. ಅಗ್ಗದ 9 ಎಂಎಂ ಪಿಸ್ತೂಲು ಕೊಂಡವರು ಶನಿವಾರ ಗುರಿ ಅಭ್ಯಾಸದ ರೇಂಜಿಗೆ ಬರುವ ಮುನ್ನ ಕೈಪಿಡಿ ನೋಡಿ ಅದನ್ನು ಬಿಚ್ಚಿ ಒರೆಸಿ. ಕಾರ್ಖಾನೆಯಲ್ಲಿ ಹಚ್ಚುವುದು ಹೆಚ್ಚಾಗಿ ತುಕ್ಕು ತಡೆಯುವ ಎಣ್ಣೆ. ಸ್ಲೈಡ್ (ಹಿಂದೆ ಮುಂದೆ ಸರಿಯುವ ಮೇಲ್ಭಾಗ) ಜಾರುವ ಹಳಿಗಳಿಗೆ ಹೊಸ ಎಣ್ಣೆ ಒಂದೆರಡು ಹನಿ ಸಾಕು, ದೋಸೆ ಕಾವಲಿಗೆ ಸವರಿದಂತೆ ಸವರಬೇಡಿ. 115 ಅಥವಾ 124 ಗ್ರೇನ್ ತೂಕದ ಸಾಮಾನ್ಯ ಗುಂಡುಗಳು 200 ಇರಲಿ.

ಗುಂಡು ತುಂಬುವ ಮ್ಯಾಗಜಿನ್‌ಗಳ ಬುಡದಲ್ಲಿ 1, 2, 3 ಎಂದು ಗುರುತು ಹಾಕಿ. ನಾನು ಹಾಕದೆ ಎರಡು ವಾರ ಪಿಸ್ತೂಲನ್ನೇ ಬೈದೆ. ಕೊನೆಗೆ ನೋಡಿದರೆ ಗುಂಡು ಸಿಕ್ಕಿಕೊಳ್ಳುತ್ತಿದ್ದುದು ಅರ್ಧ ಬೆಲೆಗೆ ತಂದ ಒಂದೇ ಮ್ಯಾಗಜಿನ್‌ನಲ್ಲಿ. ಅದರ ಬಾಯಂಚು ಒಂದು ಕಡೆ ಕೂದಲೆಳೆಯಷ್ಟು ಅಗಲಿತ್ತು. ಪಿಸ್ತೂಲು ತಯಾರಿಸಿದವರದ್ದನ್ನೇ ಕೊಳ್ಳಿ, ಇಲ್ಲವೇ ಇಟಲಿಯ ಮ್ಯಾಗಜಿನ್ ತಯಾರಕ ಮೆಕ್-ಗಾರ್ ನಿಮ್ಮ ಮಾದರಿಗೆ ಮಾಡುತ್ತಿದ್ದರೆ ಅದನ್ನು. ಮಣಿಕಟ್ಟು ಸಡಿಲವಾದರೂ ಗುಂಡು ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ದೂರುವ ಮೊದಲು ಇನ್ನೊಬ್ಬರ ಕೈಯಲ್ಲಿ ಹಾರಿಸಿ ನೋಡಿ.

ಸದ್ದು ಎಂದಿಗಿಂತ ಸಣ್ಣದೆನಿಸಿದರೆ ಅಲ್ಲಿಗೇ ನಿಲ್ಲಿಸಿ. ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ರೇಂಜಿನವರನ್ನು ಕರೆಯಿರಿ. ಗುಂಡು ಒಳಗೇ ಉಳಿದಿರಬಹುದು. ಕಿವಿಗೆ, ಕಣ್ಣಿಗೆ ರಕ್ಷಣೆ ಮರೆಯಬೇಡಿ. ಎಣ್ಣೆ ಡಬ್ಬಿ ನಾನು ತರುತ್ತೇನೆ.