ಕ್ರಿಯಾಟಿನಿನ್ ಒಂದೇ ಸಾಲದು

ಮಾನ್ಯ ಸಂಪಾದಕರೇ,

ಬೆಂಗಳೂರಿನ ಪಾರ್ಕುಗಳ ಬಳಿ ನಡೆಯುವ ಸಕ್ಕರೆ ಕಾಯಿಲೆ ಶಿಬಿರಗಳಲ್ಲಿ ಮೂತ್ರಪಿಂಡದ ಪರೀಕ್ಷೆ ಎಂದರೆ ಬಹುತೇಕ ರಕ್ತದ ಕ್ರಿಯಾಟಿನಿನ್ (ಸ್ನಾಯುಗಳಿಂದ ಬರುವ, ಮೂತ್ರಪಿಂಡ ಹೊರಹಾಕುವ ತ್ಯಾಜ್ಯ) ಅಷ್ಟೇ. ಡೆಸಿಲೀಟರಿಗೆ 1.1 ಮಿಲಿಗ್ರಾಂ ಬಂದರೆ ‘ನಾರ್ಮಲ್’ ಎಂದು ಕಳಿಸುತ್ತಾರೆ. ಅದೇ 1.1 ಅನ್ನು ವಯಸ್ಸು, ಲಿಂಗವನ್ನೂ ಲೆಕ್ಕಕ್ಕೆ ಹಿಡಿಯುವ 2021ರ ಸಿಕೆಡಿ-ಎಪಿ ಸೂತ್ರಕ್ಕೆ ಹಾಕಿ ನೋಡಿ: 30ರ ಗಂಡಸಿಗೆ ಮೂತ್ರಪಿಂಡ ಸೋಸುವ ವೇಗದ ಅಂದಾಜು, ಅಂದರೆ ಇಜಿಎಫ್‌ಆರ್ ಸುಮಾರು 93, 60ರ ಹೆಂಗಸಿಗೆ 58! ಮೂರು ತಿಂಗಳು ಕಳೆದರೂ ಈ ಅಂದಾಜು 60ರ ಕೆಳಗೇ ಇದ್ದರೆ ಅದು ಮೂತ್ರಪಿಂಡದ ಕಾಯಿಲೆಯೇ. ಸ್ನಾಯು ಸೊರಗಿದ ವಯಸ್ಸಾದವರಲ್ಲಂತೂ ಕ್ರಿಯಾಟಿನಿನ್ ಇನ್ನಷ್ಟು ಮೋಸ ಮಾಡುತ್ತದೆ. ಅಂಥವರಿಗೆ ಸಿಸ್ಟಾಟಿನ್-ಸಿ ಎಂಬ ಇನ್ನೊಂದು ರಕ್ತ ಪರೀಕ್ಷೆ ಮೇಲು, ಆದರೆ ಥೈರಾಯ್ಡ್ ತೊಂದರೆ ಅಥವಾ ಸ್ಟೀರಾಯ್ಡ್ ಮಾತ್ರೆ ಇದ್ದರೆ ಅದೂ ಏರುಪೇರಾಗುತ್ತದೆ.

ರಕ್ತದಲ್ಲಿ ಟಿಎನ್ಎಫ್ ಗ್ರಾಹಕ 1 ಮತ್ತು 2 (ಉರಿಯೂತದ ಸೂಚಕಗಳು), ಕಿಮ್-1 (ಮೂತ್ರಪಿಂಡದ ಗಾಯದ ಸೂಚಕ) ಹೆಚ್ಚಿರುವ ಮಧುಮೇಹಿಗಳಲ್ಲಿ ಮೂತ್ರಪಿಂಡ ಬೇಗ ಕುಸಿಯುತ್ತದೆಂದು ಅಧ್ಯಯನಗಳು ತೋರಿಸಿವೆ. ಭರವಸೆಯ ಸಂಗತಿಯೇ. ಆದರೆ ಅವು ದಿನನಿತ್ಯದ ತಪಾಸಣೆಯ ಭಾಗವಾಗಿಲ್ಲ. ‘ಅಡ್ವಾನ್ಸ್ಡ್’ ಪ್ಯಾಕೇಜಿಗೆ ದುಡ್ಡು ಸುರಿಯುವ ಮುನ್ನ ಮೂತ್ರದ ಎಸಿಆರ್ (ಕ್ರಿಯಾಟಿನಿನ್ನಿಗೆ ಹೋಲಿಸಿದರೆ ಆಲ್ಬುಮಿನ್ ಎಂಬ ಪ್ರೋಟೀನ್ ಎಷ್ಟಿದೆ ಎಂಬ ಪರೀಕ್ಷೆ) ಮಾಡಿಸಿ. ಮೂತ್ರದಲ್ಲಿ ಅದ್ದಿ ನೋಡುವ ಮಾಮೂಲಿ ಪಟ್ಟಿಗೆ ಸಿಗದಷ್ಟು ಕಡಿಮೆ ಆಲ್ಬುಮಿನ್ ಕೂಡ ಇದರಲ್ಲಿ ಕಾಣುತ್ತದೆ. ಬೆಳಗಿನ ಮೊದಲ ಮೂತ್ರ ಕೊಡುವುದು ಒಳ್ಳೆಯದು. ಗ್ರಾಂ ಕ್ರಿಯಾಟಿನಿನ್ನಿಗೆ ಆಲ್ಬುಮಿನ್ 30 ಮಿಲಿಗ್ರಾಂ ಮುಟ್ಟಿದ ಕೂಡಲೇ ಗಾಬರಿ ಬೇಡ: ಜ್ವರ, ಮೂತ್ರದ ಸೋಂಕು, ಮುಟ್ಟು, ಹಿಂದಿನ ದಿನದ ಕಠಿಣ ವ್ಯಾಯಾಮ ಇವೆಲ್ಲ ಅದನ್ನು ಏರಿಸುತ್ತವೆ. 3ರಿಂದ 6 ತಿಂಗಳೊಳಗಿನ ಮೂರು ಪರೀಕ್ಷೆಗಳಲ್ಲಿ ಎರಡರಲ್ಲಿ ಹೆಚ್ಚಿದ್ದರೆ ಮಾತ್ರ ಖಚಿತ.

ಟೈಪ್ 2 ಇರುವವರು ಕಾಯಿಲೆ ಗೊತ್ತಾದ ದಿನದಿಂದಲೇ, ಟೈಪ್ 1 ಇರುವವರು 5 ವರ್ಷದ ನಂತರ, ವರ್ಷಕ್ಕೊಮ್ಮೆ ಎಸಿಆರ್ ಮತ್ತು ಇಜಿಎಫ್‌ಆರ್ ಎರಡನ್ನೂ ಮಾಡಿಸಬೇಕು. ಲ್ಯಾಬಿನವರು ಕ್ರಿಯಾಟಿನಿನ್ ಪಕ್ಕದಲ್ಲೇ ಇಜಿಎಫ್‌ಆರ್ ಮುದ್ರಿಸಲಿ. ಶಿಬಿರದವರು ಒಂದು ಮೂತ್ರದ ಬಾಟಲಿಯನ್ನೂ ಕೊಡಲಿ.

– ಓದುಗರು, ಬಸವನಗುಡಿ, ಬೆಂಗಳೂರು