ಮೇಳದ ಮುದುಕರಿಗೂ ಜೀವಭಯವಿದೆ

ಪ್ರಿಯ ಮಿತ್ರರೇ,

ರಾಜಾಜ್ಞೆ ಮೀರಿ ಸೋದರನ ಶವಕ್ಕೆ ಮಣ್ಣು ಹಾಕಿದ ಗ್ರೀಕ್ ಹುಡುಗಿ ಆಂಟಿಗೊನೆಯ ಕಥೆಯನ್ನು ಎತ್ತಿಕೊಂಡು ನೀವು ಬರೆದಿರುವ ನಾಟಕದ ಹಸ್ತಪ್ರತಿಯನ್ನೂ ಅದರೊಡನೆ ಬಂದ ನಿರಾಶೆಯ ಪತ್ರವನ್ನೂ ಓದಿದೆ. ಯಾವ ತಂಡಕ್ಕೆ ಕೊಡಬೇಕು, ದೃಶ್ಯಗಳನ್ನು ಹೇಗೆ ವಿಂಗಡಿಸಬೇಕು ಎಂಬ ಪ್ರಶ್ನೆಗಳಿಗೆ ಬೇರೆ ಯಾರಾದರೂ ಉತ್ತರಿಸಲಿ. ನನ್ನ ತಕರಾರು ಇರುವುದು ನಿಮ್ಮ ಮೇಳದ ಬಗ್ಗೆ, ಅಂದರೆ ಗ್ರೀಕ್ ನಾಟಕದಲ್ಲಿ ಒಟ್ಟಾಗಿ ಹಾಡಿ ಕುಣಿಯುವ ಗುಂಪಿನ ಬಗ್ಗೆ. ವಿಧಿಯೆಂದರೇನು, ಅಹಂಕಾರವೆಂದರೇನು, ಮಣ್ಣು ಯಾವುದರ ಸಂಕೇತ, ಹದ್ದು ಯಾವುದರ ಸಂಕೇತ ಎಂದು ಅದು ದೃಶ್ಯದಿಂದ ದೃಶ್ಯಕ್ಕೆ ವಿವರಿಸುತ್ತ ಹೋಗುತ್ತದೆ. ಅಷ್ಟೆಲ್ಲ ತಿಳಿದವರು ಕಥೆ ನಡೆಯುವ ಥೀಬ್ಸ್ ನಗರದಲ್ಲಿ, ಕುರುಡ ಕಾಲಜ್ಞಾನಿ ಟೈರೀಷಿಯಸನೊಬ್ಬನನ್ನು ಬಿಟ್ಟರೆ, ಯಾರೂ ಇರಲಿಲ್ಲ. ಮುಖವಾಡದ ಹಿಂದೆ ನಿಂತು ಮಾತಾಡುತ್ತಿರುವವರು ನೀವೇ.

ಈ ಕಥೆಯ ಮೂಲ ನಾಟಕ ಬರೆದ ಸೊಫೊಕ್ಲೀಸನ ಮೇಳದಲ್ಲಿರುವವರು ಯಾರೆಂದು ಮತ್ತೊಮ್ಮೆ ನೋಡಿ. ಅವರು ಹಳೆಯ ರಾಜಮನೆತನಕ್ಕೆ ನಿಷ್ಠರೆಂಬ ಕಾರಣಕ್ಕೇ ಹೊಸ ದೊರೆ ಕ್ರಿಯಾನ್ ಕರೆಸಿಕೊಂಡ ಹಿರಿಯರು. ಶವವನ್ನು ಯಾರೂ ಹೂಳಬಾರದೆಂಬ ತನ್ನ ಆಜ್ಞೆಗೆ ಕಾವಲಾಗಿರಿ ಎಂದು ಅವನು ಕೇಳಿದಾಗ, ಈ ಹೊರೆಯನ್ನು ಯಾರಾದರೂ ಕಿರಿಯರಿಗೆ ವಹಿಸು ಎಂದು ಅವರು ಜಾರಿಕೊಳ್ಳುತ್ತಾರೆ. ಮನುಷ್ಯನ ಅದ್ಭುತ ಶಕ್ತಿಯನ್ನು, ಅವನು ಕಡಲು ದಾಟಿದ್ದನ್ನು, ನೆಲ ಉತ್ತದ್ದನ್ನು, ಮಾತು ಕಲಿತದ್ದನ್ನು ಹಾಡಿ, ಕೊನೆಗೆ ನೀತಿಗೆಟ್ಟವನು ನನ್ನ ಒಲೆಯ ಬಳಿ ಕೂರದಿರಲಿ ಎಂದು ಮುಗಿಸುತ್ತಾರೆ; ಮರುಕ್ಷಣವೇ ಕಾವಲುಗಾರ ಆಂಟಿಗೊನೆಯನ್ನು ಹಿಡಿದು ತರುತ್ತಾನೆ. ಭಯ ಬಾಯಿ ಕಟ್ಟದಿದ್ದರೆ ಇವರೆಲ್ಲ ನನ್ನನ್ನು ಮೆಚ್ಚುತ್ತಿದ್ದರು ಎಂದು ಅವಳು ಅವರೆದುರೇ ಹೇಳುವಾಗ ಆ ಮುದುಕರು ಹೌದೆನ್ನುವುದಿಲ್ಲ, ಅಲ್ಲವೆನ್ನುವುದೂ ಇಲ್ಲ. ಕ್ರಿಯಾನನೂ ಅವನ ಮಗನೂ ವಾದಕ್ಕಿಳಿದಾಗ ಇಬ್ಬರ ಮಾತೂ ಸರಿಯೇ ಎನ್ನುತ್ತಾರೆ. ಟೈರೀಷಿಯಸ್ ಶಪಿಸಿ ಹೊರಟುಹೋದ ಮೇಲೆ ಮಾತ್ರ ಅವರಿಗೆ ನಾಲಗೆ ಬರುತ್ತದೆ: ಮೊದಲು ಹುಡುಗಿಯನ್ನು ಬಿಡಿಸು, ಆಮೇಲೆ ಶವಕ್ಕೆ ಗೋರಿ ಕಟ್ಟು. ಕ್ರಿಯಾನ್ ಮೊದಲು ಶವದ ಬಳಿಗೆ ಹೋಗುತ್ತಾನೆ, ಆಂಟಿಗೊನೆಯನ್ನು ಜೀವಂತ ಮುಚ್ಚಿಟ್ಟ ಗುಹೆ ತಲುಪುವಷ್ಟರಲ್ಲಿ ಅವಳು ನೇಣು ಹಾಕಿಕೊಂಡಿರುತ್ತಾಳೆ. ನಾಟಕದ ವಸ್ತು ಧರ್ಮ ಮತ್ತು ರಾಜಾಜ್ಞೆಗಳ ಸಂಘರ್ಷ ಎಂದು ನಿಮ್ಮ ಮುನ್ನುಡಿ ಹೇಳುತ್ತದೆ, ಸರಿ. ಆದರೆ ಆ ಸಂಘರ್ಷದ ನಡುವೆ ಬದುಕಿ ಉಳಿಯಬೇಕಾದವರ ಹಿಂಜರಿಕೆಯೂ ಅಷ್ಟೇ ದೊಡ್ಡ ವಸ್ತು, ಮತ್ತು ಅದು ಕಾಣುವುದು ಮೇಳದಲ್ಲಿ.

ಮದ್ಯದ ದೇವರು ಡಯೊನೈಸಸನ ಉತ್ಸವದಲ್ಲಿ ಆ ಹಾಡು ಕುಣಿತಗಳನ್ನು ಮಾಡುತ್ತಿದ್ದವರು ಅಥೆನ್ಸಿನ ನಾಗರಿಕರೇ. ಅವರ ತರಬೇತಿಯ ಖರ್ಚನ್ನು ನಗರದ ಸಿರಿವಂತನೊಬ್ಬ ಹೊರಬೇಕಿತ್ತು. ಮೇಳದ ಸಂಖ್ಯೆಯನ್ನು 12ರಿಂದ 15ಕ್ಕೆ ಏರಿಸಿದವನು ಸೊಫೊಕ್ಲೀಸ್. ಮೇಳವನ್ನೂ ನಟರಲ್ಲಿ ಒಬ್ಬನೆಂದೇ ಎಣಿಸಬೇಕು ಎಂದು ಅರಿಸ್ಟಾಟಲ್ ಹೇಳುವಾಗ ಅವನ ಕಣ್ಣ ಮುಂದಿರುವ ಮಾದರಿಯೂ ಇವನೇ. ಕ್ರಿ.ಪೂ. 458ರಲ್ಲಿ ಆಡಿದ ಈಸ್ಕಿಲಸನ ‘ಅಗಮೆಮ್ನಾನ್’ ನಾಟಕದಲ್ಲಿ ಅರಮನೆಯ ಒಳಗಿನಿಂದ ದೊರೆ ಅಗಮೆಮ್ನಾನನ ಸಾವಿನ ಕೂಗು ಕೇಳಿದೊಡನೆ ಮೇಳ ಚೂರಾಗುತ್ತದೆ. ಮುದುಕರು ಒಬ್ಬೊಬ್ಬರಾಗಿ ಎರಡೆರಡು ಸಾಲು ಮಾತಾಡಿ, ಒಳನುಗ್ಗೋಣವೆಂದು ಒಬ್ಬ, ಮೊದಲು ಖಚಿತ ಮಾಡಿಕೊಳ್ಳೋಣವೆಂದು ಇನ್ನೊಬ್ಬ, ಹೀಗೆ ಚರ್ಚಿಸುತ್ತಿರುವಾಗಲೇ ಕೊಲೆ ಮುಗಿದಿರುತ್ತದೆ. ಇದಕ್ಕಿಂತ ಕ್ರೂರವಾದ, ಇದಕ್ಕಿಂತ ನಿಜವಾದ ಸಭೆಯನ್ನು ನಾನು ಯಾವ ನಾಟಕದಲ್ಲೂ ಕಂಡಿಲ್ಲ.

ನಮ್ಮ ಬಿ.ಎಂ.ಶ್ರೀ. ಅವರು ಅಶ್ವತ್ಥಾಮನ ಕಥೆಗೆ ಒಗ್ಗಿಸಿಕೊಂಡ, ಸೊಫೊಕ್ಲೀಸನದೇ ಆದ ‘ಏಜಾಕ್ಸ್’ ನಾಟಕವನ್ನೂ ನೋಡಿ. ಮೂಲದಲ್ಲಿ ಮೇಳದವರು ನಾಯಕನ ಹಡಗಿನ ನಾವಿಕರು. ಅವನು ಬಿದ್ದರೆ ತಮಗೂ ಉಳಿಗಾಲವಿಲ್ಲವೆಂದು ಅವರು ನಡುಗುತ್ತಾರೆ.

ಸಂಕೇತಗಳ ವಿಷಯದಲ್ಲಿ ನಿಮ್ಮ ಮೇಲೆ ನನಗೆ ನಿಜವಾಗಿಯೂ ಕೋಪ ಬಂತು. ನಿಮ್ಮ ಮಣ್ಣಿಗೆ ಅರ್ಥವಿದೆ, ತೂಕವಿಲ್ಲ. ಸೊಫೊಕ್ಲೀಸನ ಕಾವಲುಗಾರ ವರದಿ ಮಾಡುವುದು ಒಣ ಧೂಳಿನ ತೆಳು ಪದರವನ್ನು, ಗುದ್ದಲಿಯ ಗುರುತಿಲ್ಲದ, ಗಾಡಿಯ ಜಾಡಿಲ್ಲದ ಗಟ್ಟಿ ನೆಲವನ್ನು. ಯುದ್ಧದಿಂದ ಮನೆಗೆ ಮರಳಿದ ಅಗಮೆಮ್ನಾನನ ಕಾಲಡಿಗೆ ಹಾಸಿದ ಕಡುಗೆಂಪು ಬಟ್ಟೆಯ ಬಗ್ಗೆ ವಿದ್ವಾಂಸರು ಎಷ್ಟೋ ಬರೆದಿದ್ದಾರೆ. ಅವನ ಚಿಂತೆಯೊಳಗಾದರೋ, ಬೆಳ್ಳಿ ಕೊಟ್ಟು ಕೊಂಡ ಮನೆಯ ಬಟ್ಟೆಯನ್ನು ತುಳಿದು ಹಾಳುಮಾಡಬೇಕಲ್ಲಾ ಎಂಬುದೂ ಸೇರಿದೆ. ಆ ಬೆಲೆ ಇರುವುದರಿಂದಲೇ ಅವನ ಹೆಜ್ಜೆಗೆ ನಾವು ಬೆಚ್ಚುತ್ತೇವೆ.

ಹಿಂದೊಮ್ಮೆ ನಾನು ಅನುವಾದಿಸಿದ ದುರಂತವನ್ನು ರಂಗಕ್ಕೆ ತಂದ ನಿರ್ದೇಶಕರೊಬ್ಬರು ಮೇಳದವರಿಗೆಲ್ಲ ಒಂದೇ ಬಗೆಯ ಕಪ್ಪು ಶಾಲು ಹೊದಿಸಿ, ಅವರ ಅಂಜಿಕೆಯ ಮಾತುಗಳನ್ನೆಲ್ಲ ಕತ್ತರಿಸಿ, ಸುಭಾಷಿತದಂಥ ಸಾಲುಗಳನ್ನಷ್ಟೇ ಉಳಿಸಿ, ನಗಾರಿಯ ಬಡಿತಕ್ಕೆ ಹೇಳಿಸಿದರು. ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯ ಮೇಲಿನ ನನ್ನ ಸಿಟ್ಟು ಇನ್ನೂ ಆರಿಲ್ಲ. ಈ ಪತ್ರದ ಬಿಸಿಯಲ್ಲಿ ಅದರ ಪಾಲೂ ಇದ್ದರೆ ಸಹಿಸಿಕೊಳ್ಳಿ.

ನಿಮ್ಮ ಕಾವಲುಗಾರನ ದೃಶ್ಯವನ್ನು ಮಾತ್ರ ದಯವಿಟ್ಟು ಮುಟ್ಟಬೇಡಿ. ಹುಡುಗಿಯನ್ನು ಒಪ್ಪಿಸಿದ್ದಕ್ಕೆ ನೊಂದುಕೊಳ್ಳುತ್ತಲೇ ತನ್ನ ತಲೆ ಉಳಿಯಿತೆಂದು ನಿಟ್ಟುಸಿರು ಬಿಡುವ ಆ ಮನುಷ್ಯನನ್ನು ನೀವು ಎಲ್ಲೋ ಕಂಡೇ ಬರೆದಿದ್ದೀರಿ. ಮೇಳದಲ್ಲಿರುವ ಪ್ರತಿಯೊಬ್ಬನಿಗೂ ಮನೆ ಎಲ್ಲಿದೆ, ಕ್ರಿಯಾನನಿಂದ ಅವನಿಗೆ ಏನು ಸಿಕ್ಕಿದೆ, ಏನು ಹೋಗಬಹುದು ಎಂಬುದನ್ನು ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ. ಹದ್ದಿನ ಹಾಡನ್ನು ತೆಗೆದುಹಾಕಿ, ಉಳಿದದ್ದನ್ನು ಮಳೆಗಾಲ ಮುಗಿಯುವುದರೊಳಗೆ ಕಳಿಸಿ.

ಇತಿ,
ನಿಮ್ಮ ಹಿತೈಷಿ